ನೀರಿಗೊಂದು ಸೀರೆ

ಪಕ್ಕದ ಓಣಿಯ ಹುಡುಗಿ ಮೊನ್ನೆ ಬಂದು, "ಆಂಟಿ, ನಿಮ್ಮ ಸಮಾಜಶಾಸ್ತ್ರದ ಪುಸ್ತಕ ಇದ್ರ ಕೊಡ್ರಿ, ಪರೀಕ್ಷಿ ಮುಗದ ಮ್ಯಾಲೆ ವಾಪಸ್ ಕೊಡ್ತೀನಿ" ಅಂದಳು. ಅಟ್ಟದಿಂದ ಟ್ರಂಕು ಇಳಿಸಿ ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಪುಸ್ತಕ ಒಂದು ನೀಲಿ ಸೀರೆಯಲ್ಲಿ ಸುತ್ತಿಟ್ಟಿತ್ತು. ಹುಡುಗಿ ಪುಸ್ತಕ ಬಿಟ್ಟು ಸೀರೆಯ ಜರಿ ಅಂಚನ್ನು ಸವರಿ ನೋಡಿ, "ಇಷ್ಟು ಚಂದ ಐತಿ, ಉಡಬಾರದೇನ್ರಿ?" ಅಂದಳು. ನಾನು ಪುಸ್ತಕ ಎತ್ತಿಕೊಂಡೆ. ಅದು ಕೈಯಲ್ಲಿ ತಾನಾಗಿ ಒಂದೇ ಕಡೆ ಬಿಚ್ಚಿಕೊಂಡಿತು: ಸಮಾಜಶಾಸ್ತ್ರದ ಪ್ರಮುಖ ಸೈದ್ಧಾಂತಿಕ ದೃಷ್ಟಿಕೋನಗಳು. ಪುಸ್ತಕದ ಬೆನ್ನು ಅಲ್ಲೇ ಮುರಿದಿದೆ. ಒಂದೂವರೆ ವರ್ಷ ಅದೇ ಪುಟಗಳನ್ನು ಅಷ್ಟು ತಿರುವಿದ್ದೆ.

ಆ ವಾಸನೆ ನನ್ನ ಕಸುಬಿನ ವಾಸನೆ. ನಾನು ಹಗರಿಬೊಮ್ಮನಹಳ್ಳಿಯವಳು, ಹಳೇ ಸೀರೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವವಳು. ತಲೆ ಮೇಲೆ ಪಾತ್ರೆಯ ಬುಟ್ಟಿ, ಬಗಲಲ್ಲಿ ಸೀರೆಯ ಗಂಟು. ಜೊತೆಗೆ ನನ್ನ ನೆಗೆಣ್ಣಿ ಹುಲಿಗೆಮ್ಮ, ನನ್ನ ಭಾವನ ಹೆಂಡತಿ. ಹೊಸದಾಗಿ ಮದುವೆಯಾಗಿ ಬಂದಾಗ ಅವಳ ಹಿಂದೆ ಗಂಟು ಹೊತ್ತು ಹೊರಟವಳು ಮೂರನೇ ವರ್ಷಕ್ಕೆ ಅವಳ ಮುಂದೆ ನಡೆಯುತ್ತಿದ್ದೆ. ಯಾವ ಊರಿಗೆ ಯಾವಾಗ ಹೋಗಬೇಕು, ಯಾವ ಮನೆಯಲ್ಲಿ ಮದುವೆ ಆಗಿದೆ, ಯಾವ ಮನೆಯ ಪೆಟ್ಟಿಗೆಯಲ್ಲಿ ರೇಷ್ಮೆ ಕೊಳೆಯುತ್ತಿದೆ, ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ.

ಕಲಿತದ್ದರಲ್ಲಿ ಎರಡು ಮಾತು ನಿಮಗೂ ಹೇಳಿಬಿಡುತ್ತೇನೆ, ಯಾವ ವ್ಯಾಪಾರಕ್ಕೂ ಬರುತ್ತವೆ. ಗಿರಾಕಿಯ ಮುಂದೆ ಎಂದೂ ಒಂದೇ ಪಾತ್ರೆ ಇಡಬೇಡಿ. ಮೂರು ಇಡಿ. ಮೊದಲು ಸಣ್ಣ ಬಟ್ಟಲು, ಅವಳು ಮೂಗು ಮುರಿಯಲಿ. ಆಮೇಲೆ ದೊಡ್ಡ ಪರಾತ, ಅವಳು ಹೌಹಾರಲಿ. ಕೊನೆಗೆ ನೀವು ಮಾರಲೇಬೇಕೆಂದು ತಂದ ಡಬರಿ ತೆಗೆಯಿರಿ, ಅವಳೇ ಕೈ ಚಾಚುತ್ತಾಳೆ. ಇನ್ನೊಂದು ಮಾತು: ನೀವು ಕೇಳಿದ್ದನ್ನು ಗಿರಾಕಿ ಚೌಕಾಸಿ ಮಾಡದೆ ತಟ್ಟನೆ ಕೊಟ್ಟಳು ಅನ್ನಿ, ನೀವು ಕಡಿಮೆ ಕೇಳಿದ್ದೀರಿ. ಅಂಥ ದಿನ ನನಗೆ ಊಟ ಸೇರುವುದಿಲ್ಲ.

ಮೊದಲನೇ ಮಾತೇ ನನ್ನನ್ನು ಪರೀಕ್ಷೆಯಲ್ಲಿ ಮುಳುಗಿಸಿತು.

ನನಗೆ ಆಗ ಮೂವತ್ತೆಂಟು ತುಂಬಿತ್ತು. ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿ ಎಲ್ಲ ಪತ್ರಿಕೆಗಳನ್ನೂ ದಾಟಿದ್ದೆ, ಸಮಾಜಶಾಸ್ತ್ರದ ಸಿದ್ಧಾಂತದ್ದು ಒಂದು ಬಿಟ್ಟು. ಗೈಡು ಉರುಹೊಡೆದು ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದೆ. ನನಗೆ ಡಿಗ್ರಿ ಬೇಕಾಗಿದ್ದದ್ದು ಗೋಡೆಗೆ ತೂಗುಹಾಕಲು ಅಲ್ಲ. ಬಾಲಕಿಯರ ಹಾಸ್ಟೆಲಿನ ಮೇಲ್ವಿಚಾರಕಿ ಹುದ್ದೆಗೆ ಅರ್ಜಿ ಹಾಕಲು ಡಿಗ್ರಿ ಇರಬೇಕು, ವಯಸ್ಸು ನಲವತ್ತು ದಾಟಿರಬಾರದು. ಕೂಡ್ಲಿಗಿಯ ಹಾಸ್ಟೆಲಿನಲ್ಲಿ ಓದಿದವಳು ನಾನು. ನಮ್ಮ ಮೇಲ್ವಿಚಾರಕಿ ಸಂಜೆ ಹೊತ್ತು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, ಸೊಂಟದಲ್ಲಿ ಬೀಗದ ಗೊಂಚಲು ಸಿಕ್ಕಿಸಿಕೊಂಡು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಆ ಕುರ್ಚಿ ನನ್ನ ಕಣ್ಣಿನಲ್ಲಿ ಕೂತುಬಿಟ್ಟಿತ್ತು. ಜನರ ಬಾಗಿಲ ಮುಂದೆ ನಿಂತು ನಿಂತು ಸಾಕಾಗಿತ್ತು. ಬುಟ್ಟಿ ಇಳಿಸಬೇಕಿತ್ತು.

ಜೂನ್‌ನಿಂದ ಭಾನುವಾರಗಳಂದು ಕೊಟ್ಟೂರಿನಲ್ಲಿ ತರಗತಿ. ಈ ಸಲ ತಪ್ಪಿಸಬಾರದು ಎಂದು ಬೆಳಗಿನ ಬಸ್ಸಿಗೇ ಹೊರಟೆ. ಮೋಡಗಳು ಪಡುವಣದಿಂದ ಬರುತ್ತಿದ್ದವು, ಊರ ಮೇಲೆ ಒಂದು ಗಳಿಗೆ ನಿಲ್ಲುತ್ತಿದ್ದವು, ನಾಲ್ಕು ಹನಿ ಉದುರಿಸಿ ಮುಂದಿನ ಊರಿಗೆ ಹೋಗುತ್ತಿದ್ದವು. ತರಗತಿಯಲ್ಲಿ ಹತ್ತು ಹನ್ನೆರಡು ಜನ. ಅಂಗನವಾಡಿ ಟೀಚರುಗಳು, ಒಬ್ಬ ಹೋಂಗಾರ್ಡು, ಉಳಿದವರು ನನ್ನ ಮಗಳ ವಯಸ್ಸಿನವರು. ಪಾಠ ಮಾಡುವವರು ಶರಣಪ್ಪ ಸರ್, ನನಗಿಂತ ನಾಲ್ಕೈದು ವರ್ಷ ದೊಡ್ಡವರು ಇರಬೇಕು, ಸಮಾಧಾನದ ಮನುಷ್ಯ.

ಸರ್ ಬೋರ್ಡಿನ ಮೇಲೆ ಒಂದು ಮನುಷ್ಯನ ಆಕಾರ ಬರೆದರು. "ಇದು ಪ್ರಕಾರ್ಯವಾದ. ಸಮಾಜ ಅನ್ನೋದು ಒಂದು ದೇಹ ಇದ್ದಂಗ. ಕಣ್ಣು ನೋಡತೈತಿ, ಕೈ ಮಾಡತೈತಿ, ಕಾಲು ನಡೀತೈತಿ. ಒಂದೊಂದು ಅಂಗ ತನ್ನ ಕೆಲಸ ಮಾಡಿದ್ರ ಇಡೀ ದೇಹ ನೆಟ್ಟಗ ಇರತೈತಿ."

ನಾನು ಕೈ ಎತ್ತಿದೆ. "ಸರ್, ನೀ ಕಾಲಾಗ್ತಿಯೇನು ಅಂತ ಕಾಲಿಗೆ ಯಾರಾರ ಕೇಳಿದ್ರೇನ್ರಿ?"

ತರಗತಿ ನಕ್ಕಿತು. ಸರ್ ಸೀಮೆಸುಣ್ಣ ಕೆಳಗಿಟ್ಟು ನನ್ನನ್ನೇ ನೋಡಿದರು. "ಆ ಪ್ರಶ್ನಿ ಕೇಳೋರ್ದು ಎರಡನೇ ದೃಷ್ಟಿಕೋನ ರೇಣುಕಮ್ಮಾರ. ಮುಂದಿನ ಭಾನುವಾರ ಐತಿ. ತಪ್ಪಿಸಬ್ಯಾಡ್ರಿ."

ತಪ್ಪಿಸಲಿಲ್ಲ. ಸಂಘರ್ಷವಾದ ಹೇಳಿದರು: ಸಮಾಜದಲ್ಲಿ ಇರುವುದು ಹೊಂದಾಣಿಕೆಯಲ್ಲ, ಉಳ್ಳವರು ಇಲ್ಲದವರ ನಡುವಿನ ಜಗ್ಗಾಟ, ಯಾವುದೇ ಪದ್ಧತಿ ನೋಡಿದರೂ ಇದರಿಂದ ಯಾರಿಗೆ ಲಾಭ, ಯಾರ ತಲೆಯ ಮೇಲೆ ಭಾರ ಎಂದು ಕೇಳು ಅನ್ನುತ್ತದೆ. ಅದರ ಮುಂದಿನ ವಾರ ಮೂರನೆಯದು, ಸಾಂಕೇತಿಕ ಅಂತರ್‌ಕ್ರಿಯಾವಾದ. ಹೆಸರು ನಾಲಿಗೆಗೆ ಹೊರಳುವುದೇ ಕಷ್ಟ, ಒಳಗಿನ ಮಾತು ಸುಲಭ. ಇಬ್ಬರು ಎದುರುಬದುರು ನಿಂತಾಗ ಒಂದು ನೋಟ, ಒಂದು ಸನ್ನೆ, ಒಂದು ಮಾತು. ಅದಕ್ಕೆ ಇಬ್ಬರೂ ಕೊಡುವ ಅರ್ಥ. ಅಂಥ ಸಣ್ಣ ಸಣ್ಣ ಅರ್ಥಗಳಿಂದಲೇ ಸಮಾಜ ದಿನಾ ಹುಟ್ಟುತ್ತದೆ ಎನ್ನುತ್ತದೆ ಅದು.

ಊರೂರಿಗೆ ನಡೆಯುವಾಗ ಇದನ್ನೆಲ್ಲ ಹುಲಿಗೆಮ್ಮನಿಗೆ ಹೇಳುತ್ತಿದ್ದೆ. ಗಟ್ಟಿಯಾಗಿ ಹೇಳಿದರೆ ನೆನಪಿನಲ್ಲಿ ಉಳಿಯುತ್ತದೆ, ಓದುವವರು ಬೇಕಾದರೆ ಮಾಡಿ ನೋಡಿ.

"ಯಕ್ಕಾ, ಸಮಾಜ ಅಂದ್ರ ಒಂದು ಮೈ ಇದ್ದಂಗಂತ."

"ನನಗೂ ಮೈ ಇತ್ತವಾ. ಈ ಬುಟ್ಟಿ ಹೊತ್ತು ಹೊತ್ತು ಈಗ ಬರೀ ಕುತ್ತಿಗಿ ಉಳದೈತಿ."

"ಎರಡನೇದು ಕೇಳು. ಇದ್ದೋರು ಇಲ್ಲದೋರು ಜಗ್ಗಾಡ್ತಾರಂತ."

"ಇದನ್ನ ತಿಳಕೊಳ್ಳಾಕ ಕೊಟ್ಟೂರು ತನಕ ಬಸ್ ಹತ್ತಿದಿ?"

ಮೂರನೆಯದನ್ನು ಹೇಳಿದಾಗ ಮಾತ್ರ ಅವಳು ನಿಂತಳು. ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಇದು ಖರೆ ಐತಿ ನೋಡು. ಆ ಮನಿ ಮುಂದ ನಾ ಕೆಮ್ಮಿದ್ರ ನಿನಗ ತಿಳೀತೈತಿ ಅಲ್ಲ, ಅದು ಇದು" ಅಂದಳು.

ಆ ಮನೆ ಯಾವುದು ಎಂದು ಹೇಳಬೇಕು. ಕೋಗಳಿ ದಾಟಿ ಮುಂದೆ ಸಿಗುವ ಒಂದು ಊರು. ಊರಿನ ಹೆಸರು ಬರೆಯುವುದಿಲ್ಲ, ಇವತ್ತಿಗೂ ಅವರು ನಮ್ಮ ಗಿರಾಕಿಗಳು. ದೊಡ್ಡ ಮನೆ, ಮುಂದೆ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಒಬ್ಬ ಅಜ್ಜಿ. ಚೌಕಾಸಿಯಲ್ಲಿ ನನ್ನನ್ನು ಕೂಡಿಸಿ ಏಳಿಸುವ ಹೆಂಗಸು ಈ ಐದು ತಾಲೂಕಿನಲ್ಲಿ ಅವಳೊಬ್ಬಳೇ. ನಾವು ಪಾತ್ರೆಯನ್ನು ಕಟ್ಟೆಯ ಕೆಳಗೆ ನೆಲದ ಮೇಲೆ ಇಡಬೇಕು. ವ್ಯಾಪಾರ ಕುದುರಿದ ಮೇಲೆ ಅಜ್ಜಿ ತಂಬಿಗೆಯಿಂದ ಕೈಗೆ ನೀರು ಹಾಕಿಕೊಂಡು ಪಾತ್ರೆಯ ಮೇಲೆ ಮೂರು ಸಲ ಚಿಮುಕಿಸುತ್ತಾಳೆ. ಆಮೇಲಷ್ಟೇ ಸೊಸೆ ಬಂದು ಅದನ್ನು ಒಳಗೆ ಒಯ್ಯುತ್ತಾಳೆ. ನಮ್ಮ ಮಾವನ ಕಾಲಕ್ಕೇ ನಮ್ಮ ಮನೆಗೆ ಬುದ್ಧನ ಫೋಟೊ ಬಂದಿತ್ತು. ನಮ್ಮ ಓಣಿಯ ಹುಡುಗರು ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಕೂತಿದ್ದಾರೆ. ಆ ತಂಬಿಗೆಗೆ ಇದು ಯಾವುದೂ ಗೊತ್ತಿಲ್ಲ.

ಜಗಳ ಮಾಡಬಹುದಿತ್ತು. ಮಾಡಿದ್ದರೆ ಆ ಊರಿನ ಇಡೀ ಕೇರಿಯ ಬಾಗಿಲು ಮುಚ್ಚುತ್ತಿತ್ತು, ಸೀರೆ ಬೇರೆಯವರ ಗಂಟಿಗೆ ಹೋಗುತ್ತಿತ್ತು. ಹಾಗಾಗಿ ನಾನು ಮತ್ತು ಹುಲಿಗೆಮ್ಮ ನಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ನೀರು ಚಿಮುಕಿಸುವ ಮನೆಗೆ ಒಂದು ಸೀರೆ ಹೆಚ್ಚು. ಬಾಗಿಲಲ್ಲಿ ತಂಬಿಗೆ ಕಂಡರೆ ಹುಲಿಗೆಮ್ಮ ಒಂದು ಸಲ ಕೆಮ್ಮುತ್ತಾಳೆ, ನಾನು ಎಲ್ಲರಿಗೆ ಹೇಳುವುದಕ್ಕಿಂತ ಒಂದು ಸೀರೆ ಏರಿಸುತ್ತೇನೆ.

"ಅಮ್ಮಾರ, ಈ ಡಬರಿಗೆ ಐದು ಸೀರಿ ಆಗಬೇಕ್ರಿ."

"ಐದಾ? ಕೆಳಗಿನ ಮನಿಗೆ ನಾಕಕ್ಕ ಕೊಟ್ಟಿ ಅಂತ ಈಗ ಆಕಿ ಹೇಳಿ ಹೋದ್ಲು."

"ಅದರ ತಳಾ ತೆಳ್ಳಗ ಐತ್ರಿ. ಇದರ ತಳಾ ಬಡದು ನೋಡ್ರಿ, ಗಂಟಿ ಆದಂಗ ಆಗತೈತಿ."

"ನಿನ್ನ ಬಾಯಿ ಒಂದು ಗಂಟಿ ಐತಿ ನೋಡು, ರೇಣಿ."

ಅಜ್ಜಿ ಅರ್ಧ ಗಂಟೆ ಮುಖ ಸಿಂಡರಿಸಿ, ಎರಡು ಸಲ ಎದ್ದು ಒಳಗೆ ಹೋದಂತೆ ಮಾಡಿ, ಕೊನೆಗೆ ಐದನೆಯದನ್ನು ಕಟ್ಟೆಯ ಮೇಲಿಂದ ಬಿಸಾಕುತ್ತಿದ್ದಳು. ಊರು ದಾಟಿದ ಮೇಲೆ ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಆಕೆಯ ನೀರನ್ನು ನಾವು ಮಾರಿ ಬಂದಂತೆ ಅನ್ನಿಸುತ್ತಿತ್ತು.

ಒಂದು ಭಾನುವಾರ ತರಗತಿ ಮುಗಿದ ಮೇಲೆ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಈ ನೀರಿನ ವಿಷಯ ಶರಣಪ್ಪ ಸರ್‌ಗೆ ಹೇಳಿದೆ. ಸೀರೆಯ ವಿಷಯ ಹೇಳಲಿಲ್ಲ. ಕಸುಬಿನ ಗುಟ್ಟು ಮೇಷ್ಟ್ರಿಗೂ ಹೇಳಬಾರದು. ಸರ್ ಚಹಾದ ಲೋಟ ಬೆಂಚಿನ ಮೇಲಿಟ್ಟರು.

"ಮೂರೂ ದೃಷ್ಟಿಕೋನ ಈ ಒಂದು ತಂಬಿಗಿಯಾಗ ಅದಾವು ರೇಣುಕಮ್ಮಾರ. ಮೊದಲನೇದು, ಈ ನೀರು ಆ ಮನಿಗೆ ಯಾವ ಕೆಲಸ ಮಾಡಿಕೊಡತೈತಿ ಅಂತ ಕೇಳತೈತಿ. ಇದು ಸರಿ ಅಂತ ಅದು ಹೇಳಂಗಿಲ್ಲ, ತಿಳೀರಿ. ಇಷ್ಟು ದಿನ ಯಾಕ ಉಳಕೊಂಡೈತಿ ಅಂತ ಕೇಳತೈತಿ."

"ನನ್ನ ತಲಿ ಮ್ಯಾಲೆ ಉಳಕೊಂಡೈತ್ರಿ ಸರ್."

"ಅದು ಎರಡನೇದು." ಅವರು ನಗಲಿಲ್ಲ. "ಇನ್ನ ಮೂರನೇದು, ಆ ನೀರು ಬೀಳೋ ಹೊತ್ತಿನಾಗ ಆಕಿ ಮನಸಿನಾಗ ಏನೈತಿ, ನಿಮ್ಮ ಮನಸಿನಾಗ ಏನೈತಿ ಅಂತ ಕೇಳತೈತಿ. ಅದನ್ನ ಯಾವ ಪುಸ್ತಕಾನೂ ಬರದಿಲ್ಲ. ನೀವು ಬರೀಬಹುದು."

ಆ ಮಾತು ನನಗೆ ಹಿಡಿಸಿಬಿಟ್ಟಿತು. ಮಳೆಗಾಲ ಹೋಗಿ ಚಳಿ ಬಂತು. ಹಡಗಲಿ ಕಡೆಯ ಊರುಗಳು, ಹೊಳೆದಂಡೆಯ ಹಲವಾಗಲು ಕಡೆಯ ಊರುಗಳು, ಎಲ್ಲ ಸುತ್ತಿದೆವು. ಬುಟ್ಟಿಯಲ್ಲಿ ಬಟ್ಟಲುಗಳ ಕೆಳಗೆ ಪುಸ್ತಕ. ಎಲ್ಲಿ ನೆರಳು ಸಿಕ್ಕರೆ ಅಲ್ಲಿ ಓದು. ಹುಲಿಗೆಮ್ಮ ಎಲೆ ಅಡಿಕೆ ಹಾಕಿಕೊಂಡು ಪ್ರಶ್ನೆ ಕೇಳುತ್ತಿದ್ದಳು, ಓದಲು ಬಾರದಿದ್ದರೂ. "ಎರಡನೇದರಾಗ ಯಾರು ಜಗ್ಗಾಡ್ತಾರ, ಹೇಳು ನೋಡೋಣ?" ನಾನು ಒಪ್ಪಿಸುತ್ತಿದ್ದೆ. ಪುಸ್ತಕ ಕೊನೆಗೆ ಅವಳಿಗೂ ಬಾಯಿಪಾಠ ಬಂತು.

ಪರೀಕ್ಷೆ ಮೇ ತಿಂಗಳಲ್ಲಿ, ಹರಪನಹಳ್ಳಿಯಲ್ಲಿ. ಬಸ್ಸಿನ ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ದೊಡ್ಡ ಪ್ರಶ್ನೆ ನಾನು ಬೇಡಿಕೊಂಡದ್ದೇ ಬಂದಿತ್ತು: ಸಮಾಜಶಾಸ್ತ್ರದ ಪ್ರಮುಖ ದೃಷ್ಟಿಕೋನಗಳಲ್ಲಿ ಯಾವುದಾದರೂ ಒಂದನ್ನು ಉದಾಹರಣೆ ಸಹಿತ ವಿವರಿಸಿ.

ನನ್ನ ಕೈ ತಾನಾಗಿ ಕೆಲಸ ಶುರು ಮಾಡಿತು. ಗಿರಾಕಿ ಒಂದು ಕೇಳಿದ್ದಾನೆ, ಸರಿ, ಮುಂದಿಡುವುದು ಮೂರು. ಮೊದಲು ಸಣ್ಣ ಬಟ್ಟಲು, ದೇಹದ ಚಿತ್ರ, ಒಂದೂವರೆ ಪುಟ. ಆಮೇಲೆ ದೊಡ್ಡ ಪರಾತ, ಸಂಘರ್ಷ, ಎರಡು ಪುಟ. ಕೊನೆಗೆ ನನ್ನ ಡಬರಿ. ಕಟ್ಟೆ, ತಂಬಿಗೆ, ಮೂರು ಸಲದ ನೀರು, ಹುಲಿಗೆಮ್ಮನ ಕೆಮ್ಮು, ಹೆಚ್ಚಿನ ಸೀರೆ, ಊರು ದಾಟಿದ ಮೇಲಿನ ನಗು. ಯಾರಿಗೂ ಹೇಳದಿದ್ದನ್ನು ನಾಲ್ಕು ಪುಟ ಬರೆದೆ. ಬರೆಯುತ್ತಾ ಬರೆಯುತ್ತಾ ಕಣ್ಣು ತುಂಬಿಕೊಂಡಿತು, ಬೆವರು ಎಂದು ಒರೆಸಿಕೊಂಡೆ. ಯಾವುದು ಬೇಕೋ ಆರಿಸಿಕೊಳ್ಳಪ್ಪಾ ಎಂದು ಮನಸ್ಸಿನಲ್ಲೇ ಅಂದುಕೊಂಡು ಪೇಪರು ಕೊಟ್ಟು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿದೆ. ಅಷ್ಟು ಖುಷಿ.

ಆಗಸ್ಟಿನಲ್ಲಿ ಫಲಿತಾಂಶ ಬಂತು. ಫೇಲು. ಅದೂ ಬೆರಳೆಣಿಕೆಯ ಅಂಕಕ್ಕೆ.

ನಂಬಲಿಲ್ಲ. ಉತ್ತರಪತ್ರಿಕೆಯ ನಕಲು ತರಿಸಿದೆ. ಈಗಿನ ಮಕ್ಕಳಿಗೆ ಹೇಳುತ್ತೇನೆ, ಫೇಲಾದರೆ ಅಳುತ್ತಾ ಕೂಡಬೇಡಿ, ಮೊದಲು ನಕಲು ತರಿಸಿ ನೋಡಿ; ಎಲ್ಲಿ ಬಿದ್ದೆವು ಎಂದು ಕಣ್ಣಾರೆ ನೋಡದೆ ಏಳಲು ಆಗುವುದಿಲ್ಲ. ನಾನು ನೋಡಿದೆ. ದೇಹದ ಉತ್ತರಕ್ಕೆ ಸಾಲು ಸಾಲಿಗೆ ಸರಿ ಗುರುತು. ಅರ್ಧಂಬರ್ಧ ಬರೆದಿದ್ದರೂ ಅರ್ಧಕ್ಕಿಂತ ಹೆಚ್ಚು ಅಂಕ. ಆಮೇಲಿನ ಆರು ಪುಟಗಳ ಮೇಲೆ ಮೂಲೆಯಿಂದ ಮೂಲೆಗೆ ಒಂದೊಂದು ಕೆಂಪು ಗೆರೆ. ಪಕ್ಕದಲ್ಲಿ, "ಒಂದಕ್ಕೆ ಮಾತ್ರ." ಕಟ್ಟೆಯ ಮೇಲೆ ಗೆರೆ, ತಂಬಿಗೆಯ ಮೇಲೆ ಗೆರೆ, ಹುಲಿಗೆಮ್ಮನ ಕೆಮ್ಮಿನ ಮೇಲೆ ಗೆರೆ. ಓದಿ ಹೊಡೆದ ಗೆರೆ ಅಲ್ಲ ಅದು. ಓದದೆ ಹೊಡೆದದ್ದು. ಇಷ್ಟು ವರ್ಷ ಬಚ್ಚಿಟ್ಟ ಗುಟ್ಟನ್ನು ಒಬ್ಬರ ಮುಂದೆ ಬಿಚ್ಚಿದೆ, ಆ ಒಬ್ಬರು ಅದನ್ನು ನೋಡಲಿಲ್ಲ.

ನಕಲು ಹಿಡಿದು ಕೊಟ್ಟೂರಿಗೆ ಹೋದೆ. ಶರಣಪ್ಪ ಸರ್ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಎಲ್ಲ ಪುಟ ಓದಿದರು.

"ಮೂರು ಯಾಕ ಬರದ್ರಿ? ಪ್ರಶ್ನಿಯಾಗ ಒಂದು ಅಂತ ಐತಲ್ಲ."

"ಒಂದು ಸಾಕು ಅಂತ ಎಲ್ಲಾ ಗಿರಾಕಿನೂ ಅಂತಾರ್ರಿ ಸರ್. ಅದು ಬರೀ ಮಾತಿಗೆ."

ಸರ್ ಹಣೆಗೆ ಕೈ ಹಚ್ಚಿಕೊಂಡರು. "ಅವರು ಗಿರಾಕಿ ಅಲ್ರಿ ತಾಯಿ. ಹೆಚ್ಚಿಗಿ ಬರದ್ರ ಮೊದಲು ಬರದಿದ್ದಕ್ಕ ಮಾತ್ರ ಅಂಕ. ಅದು ನಿಯಮ."

"ನಿಯಮ ಪತ್ರಿಕಿ ಮ್ಯಾಲೆ ಬರೀಬೇಕಿತ್ತಲ್ಲ ಸರ್?"

"ಬರದಾರ. ಮೊದಲನೇ ಪುಟದಾಗ. ಸಣ್ಣ ಅಕ್ಷರದಾಗ."

ಪಾತ್ರೆಯ ತಳಕ್ಕೆ ಕೊರೆದ ಸಣ್ಣ ಅಕ್ಷರವನ್ನೂ ಬಿಡದೆ ಓದುವವಳು ನಾನು. ಆ ದಿನ ಅದನ್ನು ಓದಲಿಲ್ಲ. ಮರುಮೌಲ್ಯಮಾಪನಕ್ಕೆ ಹಾಕಿದೆ, ಒಂದು ಅಂಕವೂ ಅಲುಗಲಿಲ್ಲ. ಉಳಿದದ್ದು ನವೆಂಬರಿನ ಮರುಪರೀಕ್ಷೆ ಒಂದೇ. ಫೆಬ್ರವರಿಗೆ ನನಗೆ ನಲವತ್ತು ತುಂಬುತ್ತಿತ್ತು. ಹುದ್ದೆಗೆ ಅರ್ಜಿ ಇವತ್ತು ಕರೆಯುತ್ತಾರೆ ನಾಳೆ ಕರೆಯುತ್ತಾರೆ ಎಂದು ಎಲ್ಲರೂ ಅನ್ನುತ್ತಿದ್ದರು. ನವೆಂಬರಿನಲ್ಲಿ ಬಿದ್ದರೆ ಕುರ್ಚಿ ಹೋಯಿತು ಎಂದೇ ಲೆಕ್ಕ.

ಹೊರಡುವಾಗ ಸರ್ ಬಾಗಿಲತನಕ ಬಂದರು. "ಈ ಮೂರನೇ ಉತ್ತರ ಐತಲ್ಲ ರೇಣುಕಮ್ಮಾರ, ಇಂಥಾದ್ದು ನಾ ಎಲ್ಲೂ ಓದಿಲ್ಲ. ನವೆಂಬರಿನಾಗ ಇದನ್ನ ಬರೀರಿ. ಇದೊಂದ ಬರೀರಿ."

ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಬಂದೆ. ಸರ್ ಒಳ್ಳೆಯವರು, ಆದರೆ ವ್ಯಾಪಾರ ಗೊತ್ತಿಲ್ಲದವರು. ಗಿರಾಕಿ ಮೂರರಲ್ಲಿ ಒಂದನ್ನು ಎತ್ತಿ ನೋಡಿ ತಲೆ ಆಡಿಸಿದ್ದಾನೆ. ಸರಿ ಗುರುತು ಬಿದ್ದದ್ದು ಎಲ್ಲಿ ಎಂದು ನಾನು ಕಂಡಿದ್ದೇನೆ. ಎತ್ತಿದ ಪಾತ್ರೆಯನ್ನೇ ತಿಕ್ಕಿ ತೊಳೆದು ಮತ್ತೆ ತೋರಿಸುವುದು ಬಿಟ್ಟು, ಅವನು ಮುಟ್ಟದೆ ಇದ್ದದ್ದನ್ನು ಒಯ್ಯುವುದು ಯಾವ ಜಾಣತನ? ವಯಸ್ಸು ಇದ್ದಿದ್ದರೆ ಒಯ್ಯುತ್ತಿದ್ದೆನೋ ಏನೋ. ಇರಲಿಲ್ಲ.

ನವೆಂಬರಿನಲ್ಲಿ ಹರಪನಹಳ್ಳಿಯ ಅದೇ ಕೋಣೆ. ಪ್ರಶ್ನೆ ಸ್ವಲ್ಪ ತಿರುಚಿ ಅದೇ ಬಂದಿತ್ತು. ಒಂದೇ ಬರೆದೆ, ದೇಹದ್ದು. ತಲೆ, ಕೈ, ಕಾಲು, ಹೊಂದಾಣಿಕೆ, ಸ್ಥಿರತೆ, ಎಲ್ಲ ಚೊಕ್ಕವಾಗಿ. ಕೊನೆಗೆ ಉದಾಹರಣೆ ಬೇಕಿತ್ತು. ಬೇರೆ ಏನಾದರೂ ಬರೆಯಬಹುದಿತ್ತು, ಶಾಲೆ, ಕುಟುಂಬ, ಹಬ್ಬ. ಆದರೆ ನನ್ನ ಹತ್ತಿರ ಇದ್ದ ಗಟ್ಟಿ ಮಾಲು ಅದೊಂದೇ. ಹೀಗೆ ಬರೆದೆ: "ಕೆಲವು ಮನೆಗಳಲ್ಲಿ ಹೊರಗಿನಿಂದ ಬಂದ ಪಾತ್ರೆಯ ಮೇಲೆ ನೀರು ಚಿಮುಕಿಸುವ ಆಚರಣೆ ಇದೆ. ಇದು ಮನೆಯ ಒಳಗು ಹೊರಗಿನ ಗಡಿಯನ್ನು ಕಾಪಾಡುತ್ತದೆ. ಮಾರುವವಳು, ಕೊಳ್ಳುವವಳು ಇಬ್ಬರಿಗೂ ತಮ್ಮ ಸ್ಥಾನ ತಿಳಿದಿರುವುದರಿಂದ ವ್ಯವಹಾರ ಸುಗಮವಾಗಿ ನಡೆಯುತ್ತದೆ."

ಅಕ್ಷರಗಳು ದುಂಡಗೆ ಬಂದಿದ್ದವು. ಇನ್ನೂ ಇಪ್ಪತ್ತು ನಿಮಿಷ ಇತ್ತು. ಇಂಥ ಆಚರಣೆಯಿಂದ ಸಮಾಜಕ್ಕೆ ಕೇಡೂ ಆಗುತ್ತದೆ, ಅದಕ್ಕೆ ಅಪಕಾರ್ಯ ಎನ್ನುತ್ತಾರೆ, ಇದನ್ನೂ ಇದೇ ದೃಷ್ಟಿಕೋನದವರೇ ಹೇಳಿದ್ದಾರೆ ಎಂದು ಸರ್ ಪಾಠ ಮಾಡಿದ್ದರು. ಎರಡು ಸಾಲು ಸೇರಿಸಬಹುದಿತ್ತು. ಪೆನ್ನು ಹಿಡಿದೇ ಕೂತಿದ್ದೆ. ಬೇಡ, ಮಾಲಿನ ಬಿರುಕನ್ನು ನಾವೇ ಯಾಕೆ ತೋರಿಸಬೇಕು ಎಂದು ಪೆನ್ನಿನ ಮುಚ್ಚಳ ಹಾಕಿದೆ.

ಜನವರಿಯಲ್ಲಿ ಪಾಸಾದೆ. ಒಳ್ಳೆಯ ಅಂಕ. ಹುಲಿಗೆಮ್ಮ ಓಣಿಗೆಲ್ಲ ಮಂಡಕ್ಕಿ ಮಿರ್ಚಿ ಹಂಚಿದಳು. ಸಂಜೆ ಪಕ್ಕಕ್ಕೆ ಬಂದು ಕೂತು, "ಏನ್ ಬರದಿ? ನನ್ನ ಕೆಮ್ಮು ಬರದಿಯೋ ಇಲ್ಲೋ?" ಅಂದಳು.

"ಪುಸ್ತಕದಾಗ ಇದ್ದದ್ದು ಬರದೆ ಯಕ್ಕಾ."

"ಪುಸ್ತಕದಾಗ ನಾ ಎಲ್ಲಿ ಅದೀನಿ?" ಎಂದು ನಕ್ಕಳು. ನಾನೂ ನಕ್ಕಂತೆ ಮಾಡಿದೆ.

ಇನ್ನು ಅರ್ಜಿ. ವಾರಕ್ಕೆ ಎರಡು ಸಲ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಅಂಗಡಿಗೆ ಹೋಗಿ, "ಕರದಾರೇನು ನೋಡಪ್ಪಾ" ಅನ್ನುತ್ತಿದ್ದೆ. ಅಂಗಡಿಯವನು ತಲೆ ಎತ್ತದೆ, "ಇಲ್ಲ ಬೇ ಯಕ್ಕಾ, ಕರದ್ರ ನಾನ ಫೋನ್ ಹಚ್ಚತೀನಿ" ಅನ್ನುತ್ತಿದ್ದ. ಫೆಬ್ರವರಿ ಬಂತು, ಹೋಯಿತು. ಆ ವರ್ಷ ಕರೆಯಲೇ ಇಲ್ಲ. ಯಾಕೆ ಎಂದು ಕೇಳಲು ಒಂದು ಕಟ್ಟೆಯಾಗಲಿ, ಕಟ್ಟೆಯ ಮೇಲೆ ಒಂದು ಮುಖವಾಗಲಿ ಇರಲಿಲ್ಲ. ಚೌಕಾಸಿ ಯಾರ ಹತ್ತಿರ ಮಾಡಲಿ? ಆಮೇಲೆ ಕರೆದಾಗ ನನಗೆ ನಲವತ್ತೊಂದು ತುಂಬಿತ್ತು. ಅಂಗಡಿಯವನು ಮಾತಿಗೆ ತಪ್ಪದೆ ಫೋನ್ ಹಚ್ಚಿದ. ನನ್ನ ವಯಸ್ಸು ಹೇಳಿದೆ. "ಅಯ್ಯ" ಅಂದ.

ಅದಕ್ಕೂ ಮೊದಲು, ನಲವತ್ತು ತುಂಬಿದ ಆ ಬೇಸಿಗೆಯಲ್ಲೇ, ನಾವು ಮತ್ತೆ ಕೋಗಳಿಯ ಆಚೆಯ ಆ ಊರಿಗೆ ಹೋದೆವು. ಏಪ್ರಿಲ್ ಬಿಸಿಲಿಗೆ ಬುಟ್ಟಿಯ ಸ್ಟೀಲು ಕಾದು, ತಲೆಯ ಸಿಂಬಿ ದಾಟಿ ನೆತ್ತಿಗೆ ಬಿಸಿ ಇಳಿಯುತ್ತಿತ್ತು. ಅಜ್ಜಿ ಕಟ್ಟೆಯ ಮೇಲೆಯೇ ಇದ್ದಳು. ಸೊಸೆ ಮೊಮ್ಮಗಳ ಮದುವೆಗೆಂದು ಅದೇ ಅಳತೆಯ ಇನ್ನೊಂದು ಡಬರಿ ಕೇಳಿದ್ದಳು. ನೆಲದ ಮೇಲೆ ಇಟ್ಟೆ. ಪಕ್ಕದಲ್ಲೇ ತಂಬಿಗೆ ಇತ್ತು. ಹುಲಿಗೆಮ್ಮ ಒಂದು ಸಲ ಕೆಮ್ಮಿದಳು.

"ಆರು ಸೀರಿ ಆಗಬೇಕ್ರಿ ಅಮ್ಮಾರ."

ಹುಲಿಗೆಮ್ಮ ಗಕ್ಕನೆ ನನ್ನ ಕಡೆ ತಿರುಗಿದಳು. ಅಜ್ಜಿ ತಂಬಿಗೆಗೆ ಚಾಚಿದ ಕೈ ಅಲ್ಲೇ ನಿಂತಿತು.

"ಆರಾ?"

"ಆರ್ರಿ."

"ಯಾವಾಗ್ಲೂ ಐದಲ್ಲೇನು ನಮಗ? ನಾಕು ಡಬರಿಗೆ, ಒಂದು ನೀರಿಗೆ."

ಹುಲಿಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟಳು.

"ಹಂಗ್ಯಾಕ ನೋಡ್ತೀರಿ? ಆಕಿ ಕೆಮ್ಮೋದೂ ಗೊತ್ತೈತಿ, ನೀ ಏರಸೋದೂ ಗೊತ್ತೈತಿ. ಎಷ್ಟು ವರ್ಷ ಆತು. ಅದು ನಿಮ್ಮ ಹಕ್ಕು ಅಂತ ಕೊಟಗೊಂತ ಬಂದೀನಿ." ಅಜ್ಜಿಯ ದನಿಯಲ್ಲಿ ಸಿಟ್ಟು ಇರಲಿಲ್ಲ. "ಈ ಆರನೇದು ಯಾತಕ್ಕ ಅಂತ ಹೇಳು."

ಊರು ದಾಟಿದ ಮೇಲೆ ನಾವು ನಕ್ಕಿದ್ದ ನಗುಗಳೆಲ್ಲ ಒಂದೊಂದೇ ವಾಪಸ್ ಬಂದು ಆ ಅಂಗಳದಲ್ಲಿ ನಿಂತಂತಾಯಿತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಾನು ಒಂದು ಕಡೆ ನಿಮ್ಮ ನೀರಿನ ಪರವಾಗಿ ಮಾತಾಡೀನ್ರಿ ಅಮ್ಮಾರ. ದೊಡ್ಡೋರ ಮುಂದ. ಅದಕ್ಕ."

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಎಲ್ಲಿ ಎಂದು ಕೇಳಲಿಲ್ಲ, ಯಾರ ಮುಂದೆ ಎಂದು ಕೇಳಲಿಲ್ಲ. ಈಗ ಮುಖ ಸಿಂಡರಿಸುತ್ತಾಳೆ, ಈಗ ಎದ್ದು ಒಳಗೆ ಹೋದಂತೆ ಮಾಡುತ್ತಾಳೆ, ಆಗ ನಾನು ಡಬರಿಯ ತಳ ಬಡಿದು ತೋರಿಸಬೇಕು ಎಂದು ಕಾಯುತ್ತಾ ನಿಂತೆ. ಆಕೆ ಬಾಗಿಲ ಕಡೆ ತಿರುಗಿದಳು.

"ಏ ಹುಡುಗಿ, ಪೆಟಿಗಿಯಾಗ ಆ ನೀಲಿ ಸೀರಿ ಐತಲ್ಲ, ಜರಿದು. ಅದನ್ನೂ ತಂದು ಈಕಿಗೆ ಕೊಡು."

ಸೊಸೆ ತಂದಳು. ನುಸಿಗುಳಿಗೆಯ ವಾಸನೆ ಅಂಗಳದ ತುಂಬ ಹರಡಿತು. ಅಜ್ಜಿ ಅದನ್ನು ಬಿಸಾಕಲಿಲ್ಲ, ಕಟ್ಟೆಯ ಅಂಚಿಗೆ ಸರಿಸಿ ಇಟ್ಟಳು. ಆಮೇಲೆ ಕೈಗೆ ನೀರು ಹಾಕಿಕೊಂಡು ಡಬರಿಯ ಮೇಲೆ ಮೂರು ಸಲ ಚಿಮುಕಿಸಿದಳು. ಕಾದ ಸ್ಟೀಲಿನ ಮೇಲೆ ಹನಿಗಳು ನೋಡನೋಡುತ್ತಲೇ ಆರಿದವು.

ಒಂದು ಮಾತೂ ಚೌಕಾಸಿ ಮಾಡಲಿಲ್ಲ.